ಎರಡು ಚೌಕದ ಕಾರ್ಡು

ಟ್ರಾಮಿನ ಕಿಟಕಿಯ ಗಾಜಿಗೆ ಹೋದ ವರ್ಷ ಯುದ್ಧದ ಹೊತ್ತಿನಲ್ಲಿ ಅಂಟಿಸಿದ ಕಪ್ಪು ಕಾಗದದ ಚೂರೊಂದು ಇನ್ನೂ ಉಳಿದಿದೆ, ಅದರ ಅಂಚಿನಿಂದ ನುಸುಳಿದ ನಾಲ್ಕು ಗಂಟೆಯ ಬಿಸಿಲು ಕುಸುಮಾವತಿಯ ಮಡಿಲಿನ ಚೀಲದ ಮೇಲೆ ಬೀಳುತ್ತದೆ, ಜಾರುತ್ತದೆ, ಮತ್ತೆ ಬೀಳುತ್ತದೆ, ಸಿಯಾಲ್ದಾ ಹಿಂದೆ ಸರಿಯುತ್ತಿದೆ, ಚೀಲದಲ್ಲಿ ಆ ಕಾರ್ಡು ಇದೆ, ಇದೆ ತಾನೆ, ಇದೆ — ಗರಿಯಾಹಾಟ್‌ನ ಸೀರೆ ಅಂಗಡಿಯಲ್ಲಿ ಬೀಗಿತ್ತಿ ಇಂದುಮತಿ, ಇಲ್ಲಿಯವರ ಮಾತಿನಲ್ಲಿ ಬೇಯಾನ್, ಕಾದು ಕೂತಿರುತ್ತಾಳೆ, ನಮ್ಮತ್ತೆಯ ಕಾರ್ಡು ವಾಪಸು ತಂದಿರಾ ಎಂದು ಕೈ ಚಾಚುತ್ತಾಳೆ, ಕಳಿಸಿದವರೇ ಹೋಗಿ ತಪ್ಪೊಪ್ಪಿ ಅದನ್ನು ತರದೆ ನಾವು ಮದುವೆಗೆ ಹೊರಡುವುದಿಲ್ಲ ಎಂದು ಬೆಳಿಗ್ಗೆ ಬ್ಯಾಂಕಿಗೇ ಫೋನು, ಮ್ಯಾನೇಜರರ ಮೇಜಿನ ಫೋನು, ಅವರೆದುರಿಗೇ ನಿಂತು ಹ್ಞಾಂ ಹ್ಞಾಂ ಎನ್ನುತ್ತ ಬೆವರಿದ್ದು, ಎಂಬತ್ತು ದಾಟಿದ ವಿಧವೆಗೆ, ನಮ್ಮಲ್ಲಿ ಮೀನು ಮುಟ್ಟಬಾರದವಳಿಗೆ, ಮೀನು ಬೇಕೇ ಎಂದು ಚೀಟಿ ಕಳಿಸುತ್ತಾರೆಯೆ, ನೀವೂ ಗಂಡನನ್ನು ಕಳಕೊಂಡವರಲ್ಲವೆ, ಹತ್ತೊಂಬತ್ತು ವರ್ಷ ಈ ಊರಿನ ನೀರು ಕುಡಿದಿದ್ದೀರಿ. ಇನ್ನು ಹನ್ನೊಂದೇ ದಿನ. ಮಗಳು ಸ್ನೇಹಲತಾ ಮದರಂಗಿಯವಳಿಗೆ ಹೇಳಿಟ್ಟಿದ್ದಾಳೆ, ಹುಡುಗಿಗೆ ಇದೊಂದೂ ಗೊತ್ತಿಲ್ಲ, ಗೊತ್ತಾಗಬಾರದು — ಪ್ರೆಸ್ಸಿನಿಂದ ಕಾರ್ಡುಗಳು ಬಂದಾಗ ಎಷ್ಟು ನಕ್ಕಿದ್ದಳು, ಅಮ್ಮಾ, ಹೌ ಮಾಡರ್ನ್, ಯಾರೂ ಹೀಗೆ ಮಾಡಿಲ್ಲ ಅಲ್ವಾ. ಮಾಡಿದ್ದು ಮೈದುನ ಪುಂಡಲೀಕ, ಅವನೂ ಬ್ಯಾಂಕಿನವನೆ, ಫಾರ್ಮಿಲ್ಲದೆ ಉಸಿರಾಡದವನು, ಅತ್ಗೆ, ಗಂಡಿನೋರಿಗೆ ಮೀನ್ ಇಲ್ದಿರೆ ಮದುವೆಯೇ ಅಲ್ಲ, ನಮ್ಮೋರ್ ಮನ್ಯಗೆ ದಿನಾ ತಿಂದ್ರೂ ಮದುವೆ ಎಲಿ ಮೇಲೆ ಮೀನ್ ಕಂಡ್ರೆ ಎದ್ದೇ ಹೋತ್ರ್, ಅದ್ಕೆ ಮೊದ್ಲೇ ಕೇಂಡ್ ಬಿಡುವ, ಜವಾಬು ಕಾರ್ಡು, ಎರಡು ಚೌಕ, ಒಂದ್ರಗೆ ಮೀನ್, ಒಂದ್ರಗೆ ತರಕಾರಿ, ಗುರ್ತ್ ಹಾಕಿ ಪೋಸ್ಟಿಗೆ ಹಾಕ್ಲಿ. ವಿಳಾಸಗಳನ್ನು ಬಡಿದವಳು ಇವಳೇ, ಊಟದ ಬಿಡುವಿನಲ್ಲಿ, ಗಂಡಿನವರ ಪಟ್ಟಿಯ ಮೊದಲ ಹೆಸರೇ ಹುಡುಗನ ಅಜ್ಜಿಯದು, ಟೈಪಿಸ್ಟಳ ಬೆರಳಿಗೆ ಹೆಸರು ಕಾಣುತ್ತದೆ, ಬಿಳಿ ಸೀರೆ ಕಾಣುವುದಿಲ್ಲ. ಅಥವಾ ಕಂಡರೂ — ಕುಂದಾಪುರದಲ್ಲಿ, ಇವಳ ಜನರಲ್ಲಿ, ಗಂಡ ಹೋದರೆ ಹೂವು ಹೋಗುತ್ತದೆ, ಕುಂಕುಮ ಹೋಗುತ್ತದೆ, ಮೀನು ಹೋಗುವುದಿಲ್ಲ, ಅವರು ತೀರಿದ ಹದಿಮೂರನೆಯ ದಿನ ಕಳೆದ ಮೇಲೆ ಅತ್ತೆಯೇ ಬಂಗುಡೆ ಸಾರು ಬಡಿಸಿ, ಉಣ್ಣ್ ಹೆಣ್ಣೆ, ನಿನ್ ಮಗಿಗ್ ಹಾಲ್ ಬೇಡ್ದಾ ಎಂದಿದ್ದರು, ಸಾರಿನ ಮೇಲೆ ಕೆಂಪು ಎಣ್ಣೆಯ ಬಳೆಗಳು ತೇಲುತ್ತಿದ್ದವು, ಅವಳು ಅತ್ತದ್ದು ಖಾರಕ್ಕೋ —

ಮೌಲಾಲಿಯಲ್ಲಿ ಟ್ರಾಮು ನಿಂತಿದೆ, ಹೊರಟಿದೆ, ನಿದ್ದೆ ನೀರಿನಂತೆ ಮೊಣಕಾಲಿಗೆ ಬರುತ್ತಿದೆ, ಠಾಕುಮಾ ಎಂದು ಬಾಗಿಲಲ್ಲೇ ಬಾಗಿ ಹುಡುಗನ ಅಜ್ಜಿಯ ಕಾಲು ಮುಟ್ಟಿದ್ದು ಮಧ್ಯಾಹ್ನವೋ ಈಗಲೋ, ಅವರೊಬ್ಬರೇ ಇದ್ದ ಆ ಹಳೆಯ ಮನೆಯ ಮೆಟ್ಟಿಲ ಕೆಳಗಿನ ಕೋಣೆ, ಬೇರೆ ಒಲೆ, ಬೇರೆ ಪಾತ್ರೆ, ತಪ್ಪಾಯಿತು, ಆ ಕಾರ್ಡು ಕೊಟ್ಟುಬಿಡಿ ಎಂದರೆ ಅಜ್ಜಿ ದಿಂಬಿನಡಿ ಕೈ ಹಾಕಿ, ತೆಗೆಯದೆ, ಕೂತುಕೋ ಎಂದರು. ಹದಿನೇಳಕ್ಕೆ ಬಿಳಿ ಉಟ್ಟೆ ಮಗು, ಆಮೇಲೆ ಮೀನು ಬೇಕೇ ಎಂದು ಯಾರೂ ಕೇಳಿಲ್ಲ, ಬೇಡ ಎನ್ನುವುದಕ್ಕಾದರೂ ಕೇಳಬೇಕಲ್ಲ. ನೀನು ತಿನ್ನುತ್ತೀಯಾ. ಬೀಗರ ಮನೆಯಲ್ಲಿ ಇಷ್ಟು ದಿನ ಮುಚ್ಚಿಟ್ಟದ್ದು ಅಜ್ಜಿಯ ಕಣ್ಣೆದುರು ಮುಚ್ಚಲಾಗಲಿಲ್ಲ, ಹ್ಞಾಂ, ತಿನ್ನುತ್ತೇನೆ. ಅಯ್ಯೋ ನನ್ನಮ್ಮಾ ಎಂದು ಅಜ್ಜಿ ನಕ್ಕರು, ಹಲ್ಲಿಲ್ಲದ ನಗು, ಯಾವ ಮೀನು, ಹೇಗೆ ಮಾಡುತ್ತೀ, ನಿಧಾನ ಹೇಳು — ಇವಳು ಹೇಳಿದಳು, ತೆಂಗಿನಕಾಯಿ, ಒಣಮೆಣಸು, ಹುಣಸೆ, ಮಣ್ಣಿನ ಮಡಕೆ, ಒಂದು ಕುದಿ, ಅಜ್ಜಿ ಕಣ್ಣು ಮುಚ್ಚಿದ್ದರು, ಗಂಟಲ ತೆಳ್ಳಗಿನ ಚರ್ಮ ಏರಿ ಇಳಿಯಿತು, ಆಮೇಲೆ ಪೆನ್ಸಿಲು ಕೊಡು ಎಂದರು. ಮೊಣಕಾಲಿನ ಮೇಲೆ ಕಾರ್ಡಿಟ್ಟು, ಮೀನಿನ ಚೌಕ, ಒತ್ತಿ, ಎಷ್ಟು ಒತ್ತಿದರೆಂದರೆ ಮೊನೆ ಮುರಿಯಿತು. ಬಡಿಸಬೇಡ, ಬಡಿಸಿದರೂ ಮುಟ್ಟುವುದಿಲ್ಲ, ಬೌಮಾಗೆ ತೋರಿಸಬೇಡ, ಸೊಸೆ ಅವಳು, ತಲೆಯೆತ್ತಿ ನಡೆಯಬೇಕಾದವಳು, ನೀನು ಕೇಳಿದೆ, ನಾನು ಹೇಳಿದೆ, ಮುಗಿಯಿತು.

ಮುಗಿಯಿತೆ, ಗರಿಯಾಹಾಟ್, ಇಳಿಯಬೇಕು, ಕಾಲು ತನ್ನಷ್ಟಕ್ಕೆ ಇಳಿದಿದೆ, ಅಂಗಡಿಯ ಬಿಳಿ ಗಾದಿಯ ಮೇಲೆ ಕೆಂಪು ಬನಾರಸಿಗಳು ಸುರಿದಿವೆ, ನಡುವೆ ಇಂದುಮತಿ, ಕೈ ಚಾಚಿಯೇ ಇದ್ದಾಳೆ, ತಂದಿರಾ — ಇಲ್ಲ ಎಂದರೆ ಮದುವೆಯಿಲ್ಲ, ಇಕೋ ಎಂದರೆ ಆ ಮೆಟ್ಟಿಲ ಕೆಳಗಿನ ಮುದುಕಿ ಇನ್ನು ತಲೆಯೆತ್ತುವುದಿಲ್ಲ — ತಂದಿದ್ದೆ, ಬೇಯಾನ್, ತರಕಾರಿಗೇ ಗುರುತು ಹಾಕಿದ್ದರು, ಇನ್ನೇನು ಹಾಕಿಯಾರು, ನನಗೇ ನಾಚಿಕೆಯಾಗಿ ಹರಿದು ಟ್ರಾಮಿನ ಕಿಟಕಿಯಿಂದ ಎಸೆದುಬಿಟ್ಟೆ, ನನ್ನ ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ. ಇಂದುಮತಿ ಅವಳನ್ನೇ ನೋಡುತ್ತಾಳೆ, ಆಮೇಲೆ ಕೈ ಇಳಿಸುತ್ತಾಳೆ, ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ, ಕೂತುಕೊಳ್ಳಿ, ಈ ಅಂಚು ನೋಡಿ, ಸ್ನೇಹಲತಾಗೆ ಒಪ್ಪುತ್ತದಲ್ಲವೆ — ಒಪ್ಪುತ್ತದೆ, ಒಪ್ಪುತ್ತದೆ, ಎಡಗೈ ಸೀರೆಯ ಅಂಚಿನ ಮೇಲೆ, ಬಲಗೈ ಚೀಲದೊಳಗೆ, ಕತ್ತಲಲ್ಲಿ ಕಾರ್ಡಿನ ಬೆನ್ನು, ಅಲ್ಲಿ ಬೆರಳ ತುದಿಗೆ ಪೆನ್ಸಿಲಿನ ಗುರುತು ಉಬ್ಬಿಕೊಂಡಿದೆ, ಒಂದು ಸಣ್ಣ ಗೆರೆ ಇಳಿದು, ಉದ್ದನೆಯದೊಂದು ಏರಿ, ಮೊನೆ ಮುರಿದಲ್ಲಿ ಕಾಗದ ಹರಿದು, ಇಳಿದು, ಏರಿ, ಹರಿದು —