ಗಂಗೋತ್ರಿ ಅಕ್ಕನ ತಲೆಕೆಳಗಿನ ಎಂಜಿನ್

ನನ್ನ ದೊಡ್ಡಪ್ಪ ಚಂದ್ರಣ್ಣನವರ ಮಗಳು ಗಂಗೋತ್ರಿ ಅಕ್ಕ ತಾನೇ ಕಟ್ಟಿದ ವಿಮಾನಕ್ಕೆ ಎಂಜಿನ್ನನ್ನು ತಲೆಕೆಳಗಾಗಿ ಕೂರಿಸಿದ್ದಳು. ಹಾಗೆ ಕೂರಿಸಿದರೆ ಸಿಲಿಂಡರು ಹೊಟ್ಟೆಯ ಕಡೆ ಇಳಿದು, ಮೂತಿ ನಿಜವಾದ ವಿಮಾನದಂತೆ ನುಣ್ಣಗೆ ಕಾಣುತ್ತದೆ. ರಿಮೋಟಿನಿಂದ ಹಾರುವ ವಿಮಾನ ಅದು; ರೆಕ್ಕೆ ನನ್ನ ತೋಳು ಚಾಚಿದಷ್ಟು ಅಗಲ. ಬಾಲ ಹಿಡಿದು ನಿಲ್ಲುವುದು ನನ್ನ ಕೆಲಸ. ಜನರೆದುರು ಬಾಯಿ ಬಿಡಬೇಕಿಲ್ಲ ಅಂತ ನಾನೇ ಕೇಳಿ ತೆಗೆದುಕೊಂಡಿದ್ದೆ.

ಆದೋನಿಯಲ್ಲಿ ದೊಡ್ಡಪ್ಪನದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿದೆ. ಹತ್ತಿ ಬರುವ ಮುಂಚೆ ಅದರ ಸಿಮೆಂಟಿನ ಅಂಗಳ ಖಾಲಿ. ಅಕ್ಕನಿಗೆ ಬೇಕಿದ್ದದ್ದು ಅದೇ. ದೊಡ್ಡಪ್ಪ ಒಂದು ಭಾನುವಾರ ಕೊಟ್ಟರು. ಎಲ್ಲ ಸರಿಹೋದರೆ ಅಂಗಳ ಅವಳದು. ಯಾರಿಗಾದರೂ ಗಾಯವಾದರೆ, ಏನಾದರೂ ಮುರಿದರೆ, ವಿಮಾನ ಅಟ್ಟ ಸೇರುತ್ತದೆ. ಹೇಳಿದ್ದು ಹಾಗೆ, ಒಳಗೊಳಗೆ ಖುಷಿಯೇ ಇರಬೇಕು. ವ್ಯಾಪಾರದ ಸ್ನೇಹಿತರನ್ನೆಲ್ಲ ನೋಡಲು ಕರೆದುಬಿಟ್ಟಿದ್ದರು.

ಆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಪೂಜೆ. ನಮ್ಮಲ್ಲಿ ಬೈಕು ಬರಲಿ, ಟ್ರ್ಯಾಕ್ಟರು ಬರಲಿ, ವಿಭೂತಿ ಹಚ್ಚದೆ ಹೊರಗೆ ಬಿಡುವುದಿಲ್ಲ. ಆಮೇಲೆ ತಿಳಿದದ್ದು ಇದು: ಅಕ್ಕ ಸ್ನಾನಕ್ಕೆ ಹೋಗಿದ್ದಾಗ ನಮ್ಮಜ್ಜಿ ಅಕ್ಕನಾಗಮ್ಮ, ಖಾಲಿ ಹೊಟ್ಟೆಯ ಗಾಡಿಗೆ ಯಾರಾದರೂ ಪೂಜೆ ಮಾಡುತ್ತಾರೇನು ಎಂದು ದೊಡ್ಡಪ್ಪನನ್ನು ಗದರಿದ್ದಳು. ಅವರು ಅಕ್ಕನ ಇಂಧನದ ಡಬ್ಬಿಯಿಂದ ಟ್ಯಾಂಕಿನ ತುಂಬ ಎಣ್ಣೆ ಹಾಕಿದ್ದರು. ಆ ಟ್ಯಾಂಕು ಕಾರ್ಬ್ಯುರೇಟರಿಗಿಂತ ತುಸು ಎತ್ತರದಲ್ಲಿತ್ತು. ವಿಮಾನ ದೇವರ ಮುಂದೆ ನಿಂತಷ್ಟು ಹೊತ್ತೂ ಎಣ್ಣೆ ಸದ್ದಿಲ್ಲದೆ ಇಳಿದು, ಕೆಳಗೆ ತೂಗುತ್ತಿದ್ದ ಎಂಜಿನ್ನಿನ ತಲೆಯೊಳಗೆ ಸೇರುತ್ತಿತ್ತು.

ಮಿಲ್ಲಿನ ಅಂಗಳದಲ್ಲಿ ಅಕ್ಕ ಎಲ್ಲರನ್ನೂ ಪ್ರೊಪೆಲರಿನ ಹಿಂದಕ್ಕೆ ಸರಿಸಿದಳು. ಎದುರಿಗೂ ಬೇಡ, ಪಕ್ಕಕ್ಕೂ ಬೇಡ. ಎಣ್ಣೆ ತುಂಬಲು ಕೂತವಳು ಟ್ಯಾಂಕು ಆಗಲೇ ತುಂಬಿರುವುದನ್ನು ಕಂಡಳು. ಯಾರನ್ನೂ ಕೇಳಲಿಲ್ಲ. ಪ್ಲಗ್ಗಿಗೆ ಕರೆಂಟು ಕೊಡದೆ, ಪ್ರೊಪೆಲರನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದಳು. ಸ್ವಲ್ಪ ತಿರುಗಿ ಅದು ಗೋಡೆಗೆ ಬಡಿದಂತೆ ನಿಂತಿತು.

ಪ್ರೊಪೆಲರನ್ನು ಜೋರಾಗಿ ತಿರುಗಿಸುವ ಬ್ಯಾಟರಿಯ ಸ್ಟಾರ್ಟರ್ ಹಿಡಿದಿದ್ದ ಅವಳ ತಮ್ಮ ತಿಪ್ಪೇಶ, "ಪೂಜಿ ಹೆಚ್ಚಾಗಿ ಧ್ಯಾನಕ್ಕ ಕುಂತೈತಿ ನೋಡಕ್ಕ," ಎಂದ. ಸ್ನೇಹಿತರು ನಕ್ಕರು.

ಮಿಲ್ಲಿನಲ್ಲಿ ಏನೇ ಬಿಗಿದುಕೊಂಡರೂ ಇಬ್ಬರು ಸೇರಿ ಜಗ್ಗುವುದೇ ದೊಡ್ಡಪ್ಪನಿಗೆ ಗೊತ್ತಿರುವ ಔಷಧ. ತಿಪ್ಪೇಶನ ಕೈಯಿಂದ ಸ್ಟಾರ್ಟರ್ ತಗೊಂಡು ಮುಂದೆ ಬಂದರು. ಅಕ್ಕ ಬ್ಯಾಟರಿಯಿಂದ ಅದರ ವೈರು ಕಿತ್ತಳು.

"ಬ್ಯಾಡಪ್ಪಾ. ತಲ್ಯಾಗ ಎಣ್ಣಿ ನಿಂತೈತಿ. ಗಾಳಿ ಅದುಮಿದ್ರ ಕುಗ್ಗತೈತಿ, ಎಣ್ಣಿ ಕುಗ್ಗಂಗಿಲ್ಲ. ಜೋರು ಮಾಡಿದ್ರ ಒಳಗಿನ ರಾಡ್ ಬಾಗತೈತಿ."

"ಇಷ್ಟು ಮಂದಿ ಬಂದಾರವ್ವ."

"ಮಂದಿ ಬಂದಾರಂತ ಎಣ್ಣಿ ಹಿಂದಕ್ಕ ಹೋಗಂಗಿಲ್ಲ."

ದನಿ ಏರಿಸಲಿಲ್ಲ ಅವಳು. ಏನಾದರೂ ಮುರಿದರೆ ಅಟ್ಟ ಎಂಬ ಮಾತು ಅವಳಿಗೂ ನೆನಪಿತ್ತಲ್ಲ.

ಅಕ್ಕ ಪ್ಲಗ್ಗು ಬಿಚ್ಚಿ ಪ್ರೊಪೆಲರು ತಿರುಗಿಸಿದಾಗ ಎಣ್ಣೆ ಚಿಮ್ಮಿ ದೊಡ್ಡಪ್ಪನ ಬಿಳಿ ಪಂಚೆಯ ಮೇಲೆ ಬಿತ್ತು. ಇಂಧನಕ್ಕೆ ಬೆರೆಸಿದ್ದ ಔಡಲೆಣ್ಣೆಯ ವಾಸನೆ. ದೊಡ್ಡಪ್ಪ ಪಂಚೆ ನೋಡಿಕೊಂಡು, ಅಕ್ಕನ ಪಕ್ಕ ಕೂತು, ಅವಳಿಗೂ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ, "ನಾನ ಹಾಕಿದ್ದವ್ವ. ನಿಮ್ಮಜ್ಜಿ ಹೇಳಿದ್ಲು," ಎಂದರು.

ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಅಕ್ಕ ಅಂದದ್ದು ಬೇರೆ: ಟ್ಯಾಂಕನ್ನು ಎತ್ತರಕ್ಕೆ ಕಟ್ಟಿದ್ದು ತನ್ನದೇ ತಪ್ಪು, ಎಣ್ಣೆ ಇವತ್ತಲ್ಲದಿದ್ದರೆ ನಾಳೆ ಇಳಿಯುತ್ತಿತ್ತು. ಅದನ್ನು ಕೆಳಗಿಳಿಸುವ ತನಕ ಹಾರಿಸುವುದಿಲ್ಲ. ಮೇಲೆ ಹೋಗಿ ಎಣ್ಣೆ ಹೆಚ್ಚಾಗಿ ಎಂಜಿನ್ ನಿಂತರೆ ಯಾರ ತಲೆಯ ಮೇಲೆ ಬೀಳುತ್ತದೋ.

ಹಿಂದಿನಿಂದ ಭೀಮಣ್ಣ ಎಂಬ ವ್ಯಾಪಾರಿ, "ಏಮ್ಮಾ, ಎಗುರುತುಂದಾ?" ಎಂದು ತೆಲುಗಿನಲ್ಲಿ ಕೂಗಿದರು, ಹಾರುತ್ತದೋ ಇಲ್ಲವೋ ಅಂತ. ಅಕ್ಕ ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಎದ್ದು ನಿಂತರು.

"ಇವತ್ತಿಲ್ಲ. ನನ್ನ ಮಗಳು ಬ್ಯಾಡ ಅಂದಾಳ."

ಎಣ್ಣೆ ಬಿದ್ದ ಪಂಚೆಯಲ್ಲೇ ಎಲ್ಲರನ್ನೂ ಉಗ್ಗಾಣಿ, ಮಿರ್ಚಿ ಬಜ್ಜಿ ತಿನ್ನಲು ಕರೆದುಕೊಂಡು ಹೋದರು. ಅಂಗಳದ ಮಾತು ಎತ್ತಲಿಲ್ಲ. ಸಿಗುತ್ತದೋ ಇಲ್ಲವೋ ತಿಳಿಯದೆಯೇ ಅಕ್ಕ ಆ ವಾರವೆಲ್ಲ ಕೂತು ಟ್ಯಾಂಕು ಬಿಚ್ಚಿ, ಕಾರ್ಬ್ಯುರೇಟರಿನ ಮಟ್ಟಕ್ಕೆ ಇಳಿಸಿ ಕಟ್ಟಿದಳು.

ಮುಂದಿನ ಭಾನುವಾರ ಮಿಲ್ಲಿಗೆ ಹೋದರೆ ವಾಚ್‌ಮನ್ ಉರುಕುಂದ ಅಂಗಳ ಗುಡಿಸುತ್ತಿದ್ದ. ಸಾಹುಕಾರರು ಹೇಳಿದ್ದಾರಂತೆ.

ಅಕ್ಕ ವಿಮಾನವನ್ನು ಹತ್ತಿ ಚೀಲದ ಮೇಲೆ ಅಂಗಾತ ಮಲಗಿಸಿದಳು. ಈಗ ಎಂಜಿನ್ನಿನ ತಲೆ ಮೇಲೆ; ಎಣ್ಣೆ ಅಲ್ಲಿ ನಿಲ್ಲಲಾರದು. ಟ್ಯಾಂಕು ಅಲ್ಲೇ ತುಂಬಿದಳು, ಕೈಯಲ್ಲಿ ತಿರುಗಿಸಿ ನೋಡಿದಳು, ಆಮೇಲೆ ತಿಪ್ಪೇಶನಿಗೆ ಸ್ಟಾರ್ಟರ್ ಇಡಲು ಹೇಳಿದಳು. ಎಂಜಿನ್ ಹಿಡಿಯಿತು. ಇನ್ನು ಪ್ಲಗ್ಗಿಗೆ ಕರೆಂಟು ಬೇಕಿಲ್ಲ; ಹಿಂದಿನಿಂದ ಕೈ ಚಾಚಿ ಅದರ ಕ್ಲಿಪ್ಪು ತೆಗೆದಳು. ಎಂಜಿನ್ ಬಿಸಿಯಾದ ಮೇಲೆ, ರೆಕ್ಕೆಯ ಹಿಂದೆ ನಿಂತ ಅಕ್ಕನೂ ನಾನೂ ವಿಮಾನವನ್ನು ಮೆಲ್ಲಗೆ ಹೊರಳಿಸಿ ಚಕ್ರದ ಮೇಲೆ ನಿಲ್ಲಿಸಿದೆವು. ಅಕ್ಕ ಕಣ್ಣು ಮುಚ್ಚಿ ಸದ್ದು ಕೇಳಿದಳು. ಸದ್ದು ಇಳಿಯಲಿಲ್ಲ.

"ಬಿಡು," ಎಂದಳು ಬಾಲ ಹಿಡಿದಿದ್ದ ನನಗೆ.

ವಿಮಾನ ಮಿಲ್ಲಿನ ತಗಡಿನ ಮೇಲಿಂದ ಏರಿ ಸುತ್ತು ಹಾಕಿತು. ಅಷ್ಟರಲ್ಲಿ ಬಂದು ಹಿಂದೆ ನಿಂತಿದ್ದ ದೊಡ್ಡಪ್ಪ ಮೇಲೆ ನೋಡಿದ್ದು ಕಡಿಮೆ, ರಿಮೋಟಿನ ಮೇಲಿದ್ದ ಮಗಳ ಹೆಬ್ಬೆರಳುಗಳನ್ನೇ ನೋಡುತ್ತಿದ್ದರು. ವಿಮಾನ ಇಳಿದು, ಪ್ರೊಪೆಲರು ಪೂರ್ತಿ ನಿಂತ ಮೇಲೆ ಅವಳ ಹತ್ತಿರ ಬಂದರು.

"ಹತ್ತಿ ಬಂದ ಮ್ಯಾಲ ನಿನ್ನ ಅಂಗಳದಾಗ ಲಾರಿ ಎಲ್ಲಿ ನಿಲ್ಲಸೂದಂತ ನೀನ ಹೇಳವ್ವ," ಎಂದರು.