ಕೈಯೊಳಗಿನ ಎರಡು, ನಡುವಿನ ಮೂರು

ನಾನು ಒಂದು ಇಸ್ಪೀಟ್ ಕಟ್ಟು. ನಾನು ಎಂದರೂ ಒಬ್ಬನಲ್ಲ, ಐವತ್ತೆರಡು ಜನ. ಹುಟ್ಟಿದಾಗ ನಾವೆಲ್ಲ ಒಂದೇ ಹಾಳೆಯಲ್ಲಿ ಅಂಟಿಕೊಂಡಿದ್ದೆವು. ಯಂತ್ರವೊಂದು ನಮ್ಮನ್ನು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ ಡಬ್ಬಿಗೆ ತುಂಬಿತು. ನಾನು ಕಾಗದದವನಲ್ಲ, ಅಪ್ಪಟ ಪ್ಲಾಸ್ಟಿಕ್. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಮದುಮಗ. ಕಾಗದದ ಅಣ್ಣತಮ್ಮಂದಿರು ಆರೇ ತಿಂಗಳಿಗೆ ಮುದುಡಿ ಕಸದ ಬುಟ್ಟಿ ಸೇರಿದರು. ನಾನು ಮೂರು ತಲೆಮಾರು ನೋಡಿದೆ. ಜಂಬ ಅನ್ನುವುದಾದರೆ ಅನ್ನಿ.

ನನ್ನನ್ನು ಕಂಡರೆ ಮೂಗು ಮುರಿಯುವವರೇ ಹೆಚ್ಚು. ಸೋತವರಂತೂ ತಮ್ಮ ಆಟ ಬಿಟ್ಟು ನನ್ನನ್ನೇ ಬೈಯುತ್ತಾರೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಆದರೆ ನನ್ನ ಪುಣ್ಯ ದೊಡ್ಡದು. ನನ್ನನ್ನು ಹಿಡಿದ ಕೈಗಳು ಒಳ್ಳೆಯವಾಗಿದ್ದವು.

ಮೊದಲ ಯಜಮಾನರು ಡೆನ್ಜಿಲ್ ಸಾಹೇಬರು, ಹುಬ್ಬಳ್ಳಿಯ ರೈಲ್ವೆ ಗಾರ್ಡ್. ಹೊಸಪೇಟೆಯಲ್ಲಿ ಒಂದು ರನ್ನಿಂಗ್ ರೂಮ್ ಇತ್ತು. ಗಾಡಿ ತಂದ ಡ್ರೈವರು, ಗಾರ್ಡುಗಳು ಮರಳಿ ಹೊರಡುವವರೆಗೆ ಅಲ್ಲಿ ಉಂಡು ಮಲಗಿ ದಣಿವಾರಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಪೋಕರ್, ಐದು ಎಲೆಗಳ ಮೇಲಾದ ಕೂಟ ಕಟ್ಟಿದವನು ಗೆಲ್ಲುವ ಆಟ. ಪಣಕ್ಕೆ ಹುಣಸೆ ಬೀಜ. ಬೀಜವೆಲ್ಲ ಕಳೆದುಕೊಂಡವನು ಸಂಜೆಯ ಅಡುಗೆಗೆ ಉಳ್ಳಾಗಡ್ಡಿ ಹೆಚ್ಚಬೇಕು.

ಸಾಹೇಬರದು ಹಳೆಯ ಐದೆಲೆಯ ಆಟ. ತಲೆಗೆ ಐದು ಎಲೆ, ಐದೂ ಗುಟ್ಟು. ಬೇಡದ್ದನ್ನು ಎಸೆದು ಅಷ್ಟೇ ಹೊಸ ಎಲೆ ತೆಗೆದುಕೊಳ್ಳಬಹುದು, ಅದೂ ಒಂದೇ ಸಲ. ಎದುರಿನವನು ಎಷ್ಟು ಎಲೆ ಬದಲಾಯಿಸಿದ, ಅವನ ಮುಖ ಹೇಗಿದೆ ಎಂಬುದರ ಮೇಲೆ ಎಲ್ಲ ಲೆಕ್ಕಾಚಾರ. ಸಾಹೇಬರು ಕೈಯಲ್ಲಿ ಏನೂ ಇಲ್ಲದಿದ್ದರೂ ಮದುವೆ ಊಟಕ್ಕೆ ಕುಳಿತವರ ಹಾಗೆ ನಗುತ್ತಿದ್ದರು. ಅವರ ಗೆಳೆಯ, ಡ್ರೈವರ್ ಗುರುಸಿದ್ದಪ್ಪ ಹೊಸಕೇರಿ, ಆ ನಗುವನ್ನು ನಂಬಿ, ಗೆಲ್ಲುವ ಎಲೆ ಇದ್ದಾಗಲೂ ಆಟ ಬಿಟ್ಟು, ಮೂರು ವರ್ಷ ಉಳ್ಳಾಗಡ್ಡಿ ಹೆಚ್ಚಿದ.

ಆದರೆ ಸಾಹೇಬರು ಒಂದು ನಿಯಮವನ್ನು ಎಂದೂ ಸಡಿಲಿಸಲಿಲ್ಲ. ಕೊನೆಗೆ ಎಲೆಗಳನ್ನು ಮೇಲ್ಮುಖವಾಗಿ ಹಾಸಬೇಕು. ಗೆದ್ದೆ ಎಂದು ಯಾರು ಎಷ್ಟೇ ಕೂಗಿದರೂ ಅದು ಲೆಕ್ಕಕ್ಕಿಲ್ಲ. ಎಲೆ ಹೇಳಿದ್ದೇ ಮಾತು. ಆಟದ ನಡುವೆ ಬೇಕಾದಷ್ಟು ಮೋಸ ಮಾಡು, ಕೊನೆಯಲ್ಲಿ ಮಾಡಬೇಡ ಎಂಬುದು ಅವರ ಧರ್ಮ.

ಸಾಹೇಬರು ಮಕ್ಕಳಿದ್ದಲ್ಲಿಗೆ ಹೊರಟಾಗ ನನ್ನನ್ನು ಗುರುಸಿದ್ದಪ್ಪನ ಕಿಸೆಗೆ ಹಾಕಿ ಹೋದರು. ಅವನ ಮುಖವೋ ತೆರೆದ ಬಾಗಿಲು, ಗುಟ್ಟು ನಿಲ್ಲುವುದಿಲ್ಲ. ಆದರೆ ನೆನಪಿನ ಶಕ್ತಿ ಭಾರೀ. ಅದಕ್ಕೇ ಅವನು ಏಳೆಲೆಯ ಆಟ ಹಿಡಿದ. ಸ್ಟಡ್ ಎನ್ನುತ್ತಾರೆ ಅದಕ್ಕೆ. ಒಬ್ಬೊಬ್ಬನಿಗೆ ಏಳು ಎಲೆ; ಮೂರು ಗುಟ್ಟು, ನಾಲ್ಕು ಎಲ್ಲರಿಗೂ ಕಾಣುವಂತೆ. ಇಲ್ಲಿ ಎಲೆ ಬದಲಾಯಿಸುವಂತಿಲ್ಲ. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ಆಟ ಬಿಟ್ಟವರು ಮಗುಚಿಟ್ಟ ಎಲೆಗಳಲ್ಲಿ ಮೊದಲು ಕಂಡಿದ್ದವು ಯಾವುವೆಂದು ನೆನಪಿಟ್ಟವನೇ ಜಾಣ. ಹುಬ್ಬಳ್ಳಿಯಿಂದ ಹೊಸಪೇಟೆಯವರೆಗಿನ ಪ್ರತಿ ಸಿಗ್ನಲ್ಲನ್ನೂ ಬಾಯಿಪಾಠ ಹೇಳುತ್ತಿದ್ದವನಿಗೆ ಅದು ಯಾವ ಮಹಾ ಕೆಲಸ?

ಅವನ ಮಗಳು ಅನ್ನಪೂರ್ಣಾ ಅಪ್ಪನ ಹಾದಿಯನ್ನೇ ಹಿಡಿದು ಲೋಕೋ ಪೈಲಟ್ ಆದಳು. ರನ್ನಿಂಗ್ ರೂಮಿಗೆ ಕಾಲಿಟ್ಟ ಮೊದಲ ಹೆಣ್ಣುಮಗಳು ಅವಳೇ. ಅಪ್ಪ ಹರಸಿ ಕೊಟ್ಟದ್ದು ನನ್ನನ್ನು.

ಅವಳು ತರಬೇತಿಯಲ್ಲಿ ಕಲಿತು ಬಂದ ಆಟದ ಹೆಸರು ಹೋಲ್ಡೆಮ್. ಕೈಗೆ ಎರಡೇ ಎಲೆ. ನಡುವೆ ಐದು ಎಲೆ ಬೀಳುತ್ತವೆ, ಮೊದಲು ಮೂರು, ಆಮೇಲೆ ಒಂದು, ಮತ್ತೊಂದು. ಅವು ಓಣಿಯ ನಳದ ನೀರಿನಂತೆ ಎಲ್ಲರಿಗೂ ಸೇರಿದವು. ಕೈಯ ಎರಡನ್ನೂ ಬಳಸಬಹುದು, ಒಂದನ್ನೇ ಬಳಸಬಹುದು, ಒಂದನ್ನೂ ಬಳಸದೆ ನಡುವಿನ ಐದನ್ನೇ ನಂಬಬಹುದು. ಅದು ಎಲ್ಲರ ಕೈಗೆ ಹತ್ತಿದ ಮೇಲೆ ಅವಳು ಒಮಾಹಾ ಕಲಿಸಿದಳು. ನೋಡಲು ಹೋಲ್ಡೆಮ್‌ನ ಅವಳಿ. ಆದರೆ ಕೈಗೆ ನಾಲ್ಕು ಎಲೆ, ಮತ್ತು ಕಟ್ಟುನಿಟ್ಟಿನ ಶರತ್ತು: ಕೈಯಿಂದ ಎರಡೇ, ನಡುವಿನಿಂದ ಮೂರೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೋಲ್ಡೆಮ್ ರೂಢಿಯಾದವರು ಇಲ್ಲಿಯೇ ಎಡವುತ್ತಾರೆ. ಎಡವಿದವರನ್ನೆಲ್ಲ ತಿದ್ದುತ್ತಿದ್ದವಳು ಅವಳೇ.

ಆ ವಾರ ಅವಳಿಗೂ ಹಿರಿಯ ಪೈಲಟ್ ಮೌಲಾಸಾಬ ನದಾಫರಿಗೂ ಒಂದೇ ಭಾನುವಾರ ರಜೆ ಬೇಕಾಗಿತ್ತು. ಸಿಗುವುದು ಒಬ್ಬರಿಗೆ ಮಾತ್ರ. ನೀವೇ ತೀರ್ಮಾನಿಸಿಕೊಳ್ಳಿ ಎಂದು ಮೇಲಿನವರು ಕೈ ತೊಳೆದುಕೊಂಡರು. ನದಾಫರ ಮೊದಲ ಮೊಮ್ಮಗಳಿಗೆ ಅಂದು ಹೆಸರಿಡುವುದಿತ್ತು. ಅನ್ನಪೂರ್ಣಾಳ ಮಗಳು ತನುಜಾ ಅಂದು ಧಾರವಾಡದಲ್ಲಿ ಖೋಖೋ ಫೈನಲ್ ಆಡುವವಳಿದ್ದಳು. ಅದುವರೆಗೆ ಮಗಳ ಒಂದು ಪಂದ್ಯವನ್ನೂ ತಾಯಿ ನೋಡಿರಲಿಲ್ಲ. ಈ ಸಲವೂ ಬರದಿದ್ದರೆ ಮುಂದೆಂದೂ ಕರೆಯುವುದಿಲ್ಲ ಎಂದು ಹುಡುಗಿ ಹೇಳಿಬಿಟ್ಟಿದ್ದಳು. ಹೊಸಪೇಟೆಯಲ್ಲಿ ಇಬ್ಬರೂ ಒಂದೇ ಮಧ್ಯಾಹ್ನ ಸಿಕ್ಕಾಗ ಒಮಾಹಾದಲ್ಲಿ ತೀರಿಸಿಕೊಳ್ಳೋಣ ಎಂದರು.

ಬೀಜಗಳು ಅತ್ತಿಂದಿತ್ತ ಓಡಾಡಿ ಕೊನೆಗೊಮ್ಮೆ ಎಲ್ಲವೂ ನಡುವೆ ಬಂದು ಕೂತವು. ನಡುವೆ ಬಿದ್ದ ನನ್ನ ಐದು ಎಲೆಗಳಲ್ಲಿ ನಾಲ್ಕು ಇಸ್ಪೀಟ್ ಜಾತಿಯವು: ರಾಜ, ಒಂಬತ್ತು, ಆರು, ಮೂರು. ಜೊತೆಗೆ ಡೈಮಂಡ್ ಒಂಬತ್ತು. ನದಾಫರು ಕೈಯ ರಾಜನನ್ನು ತೋರಿಸಿ ಎರಡು ಜೋಡಿ ಎಂದರು, ರಾಜರದೊಂದು, ಒಂಬತ್ತರದೊಂದು. ಅನ್ನಪೂರ್ಣಾ ತನ್ನ ನಾಲ್ಕನ್ನೂ ಹಾಸಿದಳು. ಅದರಲ್ಲಿ ಇಸ್ಪೀಟ್ ಎಕ್ಕ ಇತ್ತು. ಐದೂ ಒಂದೇ ಜಾತಿ, ಫ್ಲಶ್ ಎಂದಳು. ಎರಡು ಜೋಡಿಗಿಂತ ಅದು ಮೇಲು. ನೋಡುತ್ತ ನಿಂತವರು ಚಪ್ಪಾಳೆ ತಟ್ಟಿದರು. ನದಾಫರು ಅವಳ ತಲೆಯ ಮೇಲೆ ಕೈಯಿಟ್ಟು, ಹೊರಗೆ ಹೋಗಿ, ತಾವು ಬರುವುದಿಲ್ಲವೆಂದು ಮನೆಗೆ ಫೋನ್ ಮಾಡಿದರು.

ಅವಳು ನನ್ನನ್ನು ಒಟ್ಟುಗೂಡಿಸತೊಡಗಿದಳು. ಎಕ್ಕವನ್ನು ಎತ್ತಿದ ಕೈ ಅಲ್ಲಿಯೇ ನಿಂತಿತು. ಅವಳ ಉಳಿದ ಮೂರು ಎಲೆಗಳು ಎರಡು ರಾಣಿ, ಒಂದು ಕಳಾವರ್ ನಾಲ್ಕು. ಕೈಯಲ್ಲಿ ಇದ್ದ ಇಸ್ಪೀಟ್ ಒಂದೇ. ಹೋಲ್ಡೆಮ್ ಆಗಿದ್ದರೆ ಗೆಲ್ಲುತ್ತಿದ್ದಳು, ಒಮಾಹಾದಲ್ಲಿ ಕೈಯಿಂದ ಎರಡು ಬೇಕು. ಅವಳಿಗೆ ಉಳಿಯುವುದು ರಾಣಿ ಜೋಡಿ, ಒಂಬತ್ತರ ಜೋಡಿ. ರಾಜರ ಮುಂದೆ ಅದು ಸೋತಿತ್ತು. ಸುತ್ತ ಇದ್ದವರು ಚಹಾಕ್ಕೆ ಹೋಗಿದ್ದರು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಬಾಯಿದ್ದಿದ್ದರೆ ಸುಮ್ಮನಿರು ಮಗಳೇ ಎನ್ನುತ್ತಿದ್ದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅವಳಷ್ಟು ಧರ್ಮ ಇರಲಿಲ್ಲ.

ಅವಳು ಎದ್ದು ನದಾಫರನ್ನು ಒಳಗೆ ಕರೆದಳು. ಎಲೆಗಳನ್ನು ಇದ್ದ ಹಾಗೆಯೇ ಮತ್ತೆ ಹಾಸಿದಳು.

“ಕಾಕಾ, ನಂದು ತಪ್ಪಾತ್ರಿ. ಕೈಯಾಗ ಇಸ್ಪೀಟ್ ಒಂದೇ ಐತಿ. ಗೆದ್ದಾವ್ರು ನೀವು.”

ನದಾಫರು ಅವಳ ನಾಲ್ಕು ಎಲೆಗಳನ್ನು ಬೆರಳಿಟ್ಟು ಎಣಿಸಿದರು. “ಯಾರೂ ನೋಡಿರಲಿಲ್ಲವ್ವಾ, ಸುಮ್ನಿದ್ರ ಆಗತಿತ್ತಲ್ಲ,” ಎಂದರು.

“ಎಲಿ ನೋಡ್ಯಾವಲ್ರಿ,” ಎಂದಳು ಅವಳು.

ಆದರೂ ನೀನೇ ಹೋಗು ಎಂದು ಅವರು ಒತ್ತಾಯ ಮಾಡಿದರು. ಕೂಸಿಗೆ ಹೆಸರಿಡುವುದು ಒಂದೇ ಸಲ, ಪಂದ್ಯ ಮತ್ತೆ ಬರುತ್ತದೆ ಎಂದು ಅವಳು ಒಪ್ಪಲಿಲ್ಲ. ಭಾನುವಾರ ಗಾಡಿ ಓಡಿಸಿದಳು. ಅವಳ ಚೀಲದಲ್ಲಿ ನಾನೂ ಇದ್ದೆ. ಆ ದಿನ ಅವಳು ಡಬ್ಬಿ ಬಿಚ್ಚಿ ಊಟ ಮಾಡಲಿಲ್ಲ.

ತನುಜಾಳ ತಂಡ ಗೆದ್ದಿತ್ತು. ಕೊರಳಿಗೆ ಪದಕ ಹಾಕಿಕೊಂಡು ಬಂದ ಹುಡುಗಿ ಎರಡು ದಿನ ತಾಯಿಯೊಡನೆ ತುಟಿ ಬಿಚ್ಚಲಿಲ್ಲ. ಅನ್ನಪೂರ್ಣಾ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಮೂರನೆಯ ದಿನ ಬೆಳಿಗ್ಗೆ ಹುಡುಗಿ ನನ್ನನ್ನು ತಂದು ತಾಯಿಯ ಮುಂದೆ ಇಟ್ಟಳು. ಎಲೆಗಳು ಹೇಗೆ ಬಿದ್ದಿದ್ದವೋ ಹಾಗೇ ಜೋಡಿಸಿ ತೋರಿಸು ಎಂದಳು. ತೋರಿಸಿದ್ದಾಯಿತು.

“ಯಾರಿಗೂ ಗೊತ್ತಾಗಿರಲಿಲ್ಲಾ?”

“ಇಲ್ಲ.”

“ಆದ್ರೂ ಹೇಳಿದಿ?”

“ಹೇಳಿದೆ.”

ತನುಜಾ ಇಸ್ಪೀಟ್ ಎಕ್ಕವನ್ನು ತಿರುಗಿಸುತ್ತ ಕುಳಿತಳು. ಆಮೇಲೆ ಅಳು ಬಂತು. “ಚಲೋ ಆತವ್ವಾ ನೀ ಬರಲಿಲ್ಲ. ಕಡೀಗೆ ಎದುರಿನ ತಂಡದಾಕಿ ಕೈ ನನ್ನ ಬೆನ್ನಿಗೆ ಮುಟ್ಟಿತ್ತು. ನಾ ಔಟಾಗಿದ್ದೆ. ಅಂಪೈರ್ ನೋಡಲಿಲ್ಲ, ನಾ ಓಡಿದೆ.”

ಅನ್ನಪೂರ್ಣಾ ಮಗಳ ಬೆನ್ನು ಸವರುತ್ತ ಕುಳಿತಳು. ಹುಡುಗಿ ಅಂದೇ ಶಾಲೆಗೆ ಹೋಗಿ ಆಟದ ಮೇಷ್ಟರಿಗೆ ಎಲ್ಲ ಹೇಳಿದಳು. ಮುಗಿದ ಪಂದ್ಯ ಮುಗಿದದ್ದೇ, ಫಲಿತಾಂಶ ಬದಲಾಗುವುದಿಲ್ಲ ಎಂದರಂತೆ. ಅವಳು ಪದಕವನ್ನು ಅವರ ಮೇಜಿನ ಮೇಲೆ ಬಿಟ್ಟು ಬಂದಳು. ಗೆಳತಿಯರು ಒಂದು ತಿಂಗಳು ಅವಳನ್ನು ಮಾತಾಡಿಸಲಿಲ್ಲ.

ಈಗ ನನಗೆ ವಯಸ್ಸಾಯಿತು. ರನ್ನಿಂಗ್ ರೂಮಿನಲ್ಲಿ ಎಲ್ಲರೂ ಮೊಬೈಲಿನಲ್ಲಿ ಆಡುತ್ತಾರೆ. ಯಾರು ಗೆದ್ದರೆಂದು ಅದೇ ಹೇಳಿಬಿಡುತ್ತದೆ. ಅಲ್ಲಿ ಎಲೆ ತಪ್ಪಾಗಿ ಓದುವ ಭಯವಿಲ್ಲ; ನಂದು ತಪ್ಪಾಯಿತು ಎನ್ನುವ ಭಾಗ್ಯವೂ ಇಲ್ಲ. ನಾನು ಅನ್ನಪೂರ್ಣಾಳ ಮನೆಯ ಗಾಜಿನ ಕಪಾಟಿನಲ್ಲಿ, ತನುಜಾ ಆಮೇಲೆ ಗೆದ್ದ ಕಪ್ಪುಗಳ ನಡುವೆ ಇದ್ದೇನೆ. ಮೊದಲ ಪದಕ ಇರಬೇಕಾಗಿದ್ದ ಜಾಗದಲ್ಲಿ ನನ್ನನ್ನು ಇಟ್ಟವಳು ಅವಳೇ.

ಮನೆಗೆ ಬಂದವರು ಇದೇನು, ಕಪ್ಪುಗಳ ಮಧ್ಯೆ ಇಸ್ಪೀಟ್ ಎಂದು ಕೇಳುತ್ತಾರೆ. ತನುಜಾ ಪ್ರತಿ ಸಲವೂ ಎದೆಯುಬ್ಬಿಸಿ ಹೇಳುತ್ತಾಳೆ: “ಅದು ನಮ್ಮವ್ವ ಸೋತದ್ದ್ರಿ.”