ಬಾಗಿಲಿಗೆ ಕೂರಿಸಿದ ಪ್ರಶ್ನೆ

"ನಾ ಮನುಷ್ಯಾನ ಅಲ್ಲಂತ, ತಂಗಿ!" ಆಟೊ ಓಡಿಸುವ ಗನಿಸಾಬ ಲುಂಬಿನಿಗೆ ಫೋನ್ ಮಾಡಿ ನಗುತ್ತ ಶುರುಮಾಡಿದ, ನಗು ಅರ್ಧಕ್ಕೇ ನಿಂತಿತು. "ನಮ್ಮ ಲಾಲಪ್ಪ ಸರ್ ಪುಟದಾಗ ನಾಕ್ ಮಾತು ಬರ್ದು ಒತ್ತಿದೆ. ಏಕಾದಶಿ ಉಪವಾಸ ಯಾವತ್ತು ಬಿಡ್ತಾರ ಅಂತ ಕೇಳ್ತು. ಶುಕ್ರವಾರ ಅಂದೆ, ಶನಿವಾರ ಅಂದೆ. 'ತಪ್ಪು ಉತ್ತರ, ನೀವು ಯಂತ್ರವಿರಬಹುದು' ಅಂತು. ರೋಜಾ ಬಗ್ಗೆ ಕೇಳಿದ್ರ ಹೇಳ್ತಿದ್ದೆ ನೋಡು."

ಲುಂಬಿನಿ ನಗಲಿಲ್ಲ. ವಾಡಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವಳ ಅಪ್ಪ ಲಾಲಪ್ಪ ತೀರಿಕೊಂಡ ಮೇಲೆ ಶಾಲೆಯ ಹಳೆಯ ವೆಬ್‌ಸೈಟಿನಲ್ಲಿ ಅವರದೊಂದು ಪುಟವಾಗಿತ್ತು. ಫೋಟೊದ ಕೆಳಗೆ ಯಾರು ಬೇಕಾದರೂ ನಾಲ್ಕು ಮಾತು ಬರೆಯುವ ಜಾಗ. ಅಲ್ಲಿಗೆ ಮೊದಲು ನುಗ್ಗಿದ್ದು ಯಂತ್ರಗಳೇ: ರಮ್ಮಿ ಆಟ, ಹತ್ತೇ ನಿಮಿಷದಲ್ಲಿ ಸಾಲ, ಗಂಡಸರ ಗುಳಿಗೆ. ಅಪ್ಪನ ಮುಖದ ಕೆಳಗೆ ಅದನ್ನೆಲ್ಲ ಓದಿ ಮೈಯುರಿದು, ವೆಬ್‌ಸೈಟ್ ನೋಡಿಕೊಳ್ಳುವ ಪ್ರಾಣೇಶ ಮಾಸ್ತರರಿಗೆ ಅವಳೇ ಫೋನ್ ಮಾಡಿದ್ದಳು. ಅವರು ಕಸ ಅಳಿಸಿ, ಸರಿಯುತ್ತರ ಕೊಟ್ಟವರಷ್ಟೇ ಬರೆಯುವಂತೆ ಬಾಗಿಲಿಗೊಂದು ಪ್ರಶ್ನೆ ಕೂರಿಸಿದ್ದರು. ಅಂದಿನಿಂದ ಪುಟ ಸ್ವಚ್ಛ. ಒಂದಕ್ಷರವೂ ಇಲ್ಲ. ಅಪ್ಪನನ್ನು ಎಲ್ಲರೂ ಮರೆತೇಬಿಟ್ಟರೆಂದು ಅವಳು ಬಚ್ಚಲಿನಲ್ಲಿ ನಿಂತು ಅತ್ತಿದ್ದಳು.

ಮರುದಿನ ಆಸ್ಪತ್ರೆಯ ಡ್ಯೂಟಿ ಮುಗಿಸಿ, ಮಗಳನ್ನು ನೆರೆಮನೆಯಲ್ಲಿ ಬಿಟ್ಟು, ನರ್ಸಿನ ಬಟ್ಟೆಯಲ್ಲೇ ಪ್ರಾಣೇಶ ಮಾಸ್ತರರ ಮನೆಯಿದ್ದ ಚಿತ್ತಾಪುರದ ಬಸ್ಸು ಹತ್ತಿದಳು.

"ಬಾರವ್ವಾ, ಕುಂದ್ರು," ಅಂದರು ಪ್ರಾಣೇಶ. "ಈಗ ಕಸಾ ಒಂದೂ ಬರೂದಿಲ್ಲ, ನೋಡಿದಿ?"

"ಮನುಷ್ಯಾರೂ ಬರೂದಿಲ್ರಿ ಸರ್. ನಿಮ್ಮ ಪ್ರಶ್ನೆಗೆ ನನಗೂ ಉತ್ತರ ಗೊತ್ತಿಲ್ಲ."

"ದ್ವಾದಶಿ! ಎಲ್ಲಾರಿಗೂ ಗೊತ್ತಿದ್ದದ್ದ ಕೇಳೀನಲ್ಲ."

"ಯಾವ ಎಲ್ಲಾರ್ರಿ? ನಿಮ್ಮ ಓಣಿ ಎಲ್ಲಾರಾ? ನಮ್ಮಪ್ಪನ ಕೈಯಾಗ ಕಲ್ತವರು ಗನಿಸಾಬ, ಜಟ್ಟೆಪ್ಪ, ಕಲ್ಲಿನ ಖಣಿ ಮಂದಿ ಮಕ್ಕಳು. ಅವರ್ನೆಲ್ಲ ಯಂತ್ರ ಅಂತ ಹೊರಗ ನಿಂದ್ರಿಸೀರಿ."

"ನಾ ಎಲ್ಲಿ ಅಂದೀನವ್ವಾ? ಕಂಪ್ಯೂಟರ್ ಅಂದದ್ದು."

"ಅದರ ಬಾಯಾಗ ಆ ಮಾತು ಇಟ್ಟವರ್ಯಾರ್ರಿ?" ಅವಳ ದನಿ ಏರಿದ್ದಕ್ಕೆ ಒಳಗಿನಿಂದ ಅವರ ಹೆಂಡತಿ ಪದ್ಮಾಬಾಯಿ ಇಣುಕಿದರು. "ಹೋಗ್ಲಿ. ನಿಮಗಂತೂ ಉತ್ತರ ಗೊತ್ತಿತ್ತು. ಅಷ್ಟ್ ವರ್ಷ ಸಾಲ್ಯಾಗ ಅಪ್ಪನ ಬಾಜೂ ಖುರ್ಚಿಗೆ ಕುಂತವರು. ನೀವ್ಯಾಕ ಒಂದ್ ಸಾಲು ಬರೀಲಿಲ್ಲ?"

ಪ್ರಾಣೇಶ ಕನ್ನಡಕ ತೆಗೆದರು, ಒರೆಸದೆ ಮತ್ತೆ ಹಾಕಿಕೊಂಡರು. ಕಂಪ್ಯೂಟರಿನ ಮುಂದೆ ಕೂತು ತಮ್ಮ ಪ್ರಶ್ನೆಯನ್ನು ಅಳಿಸಿದರು.

"ಏನ್ ಕೇಳ್ಲಿ, ನೀನ ಹೇಳು."

"ಲಾಲಪ್ಪ ಸರ್ ಏನ್ ಕಲಿಸ್ತಿದ್ರು ಅಂತ ಕೇಳ್ರಿ. ಸಾಕು."

ಅವಳು ಗನಿಸಾಬನಿಗೆ ಫೋನ್ ಮಾಡಿ ಮತ್ತೊಮ್ಮೆ ಬರೆಯಲು ಹೇಳಿದಳು. ಪದ್ಮಾಬಾಯಿ ತಂದಿಟ್ಟ ಚಹಾ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಫೋಟೊದ ಕೆಳಗೆ ಗನಿಸಾಬನ ಮಾತು ಬಂದು ಕೂತಿತು, ಉದ್ದಕ್ಕಿತ್ತು. ಅದನ್ನು ಅವಳು ನಿಂತೇ ಓದಿದಳು.

ಪ್ರಾಣೇಶರು ಕೀಲಿಮಣೆಯಿಂದ ಕೈ ತೆಗೆದಿರಲಿಲ್ಲ. ಹೆಸರಿನ ಜಾಗದಲ್ಲಿ 'ಪ್ರಾಣೇಶ' ಎಂದಿತ್ತು. ಅದರ ಕೆಳಗಿನ ಖಾಲಿ ಜಾಗದಲ್ಲಿ ಬರೀ ಕರ್ಸರಿನ ಗೆರೆ ಮಿನುಗುತ್ತಿತ್ತು.